ಎರಡೂವರೆ ಇಂಚು ಹುಲ್ಲು

ಬುಧವಾರ ಬೆಳಗಿನ ಏಳು ಗಂಟೆ. ಸೂರ್ಯ ಇನ್ನೂ ಗೋಲಿನ ಕಂಬದಷ್ಟೂ ಮೇಲೆ ಬಂದಿಲ್ಲ. ಕಿಲ್‌ಫರ್ನಾ ಊರಿನ ಹರ್ಲಿಂಗ್ ಕ್ಲಬ್ಬಿನ ಮೈದಾನದಲ್ಲಿ ಡಿಂಪ್ನಾ ಲೂಬಿ ಪುಟ್ಟ ಟ್ರ್ಯಾಕ್ಟರಿನ ಹಿಂದೆ ಉದ್ದನೆಯ ರಬ್ಬರ್ ಪೈಪು ಕಟ್ಟಿಕೊಂಡು ಈ ತುದಿಯಿಂದ ಆ ತುದಿಗೆ ಎಳೆಯುತ್ತಿದ್ದಾರೆ. ಪೈಪು ಹಾದುಹೋದಲ್ಲೆಲ್ಲ ಇಬ್ಬನಿ ಉದುರುತ್ತದೆ. ಒದ್ದೆ ಹುಲ್ಲಿಗೆ ಕತ್ತರಿಸುವ ಯಂತ್ರ ಹಾಕಿದರೆ ಅದು ಮುದ್ದೆಯಾಗಿ ಬ್ಲೇಡಿಗೆ ಮೆತ್ತಿಕೊಳ್ಳುತ್ತದೆ, ಆದ್ದರಿಂದ ಮೊದಲು ಈ ಕೆಲಸ.

ಆಮೇಲೆ ಇಳಿದು, ಮಂಡಿಯೂರಿ, ಹೆಬ್ಬೆರಳನ್ನು ಹುಲ್ಲಿನೊಳಗೆ ನೆಟ್ಟಗೆ ಊರುತ್ತಾರೆ. ಅವರ ಅಳತೆಗೋಲು ಅದೇ. ಹುಲ್ಲು ಮೊದಲ ಗೆಣ್ಣಿಗೆ ಬಂದರೆ ಒಂದು ಇಂಚು, ಚಪ್ಪಟೆ ತುದಿಯ ಕೋಲಿನಿಂದ ಚೆಂಡು ಹೊಡೆದಾಡುವ ಹರ್ಲಿಂಗಿಗೆ ಹದ. ಇವತ್ತು ಹೆಬ್ಬೆರಳು ಪೂರಾ ಮುಳುಗಿಹೋಗಿದೆ.

"ನೋಡಿ, ಇದೇ ಅದು," ಎನ್ನುತ್ತಾರೆ ಡಿಂಪ್ನಾ. "ಊರೆಲ್ಲ ಬೈಯ್ತಿರೋದು ಇದನ್ನೇ."

ಅವರಿಗೆ ಅರವತ್ತೆರಡು. ಗಂಡ ಮೊಸ್ಸಿ ಈ ಮೈದಾನ ನೋಡಿಕೊಳ್ಳುತ್ತಿದ್ದ. ಹತ್ತೊಂಬತ್ತು ವರ್ಷದ ಹಿಂದೆ, ಗೆರೆ ಹಾಕುವ ಸುಣ್ಣದ ಡಬ್ಬದ ಪಕ್ಕದಲ್ಲೇ ಎದೆ ಹಿಡಿದುಕೊಂಡು ಬಿದ್ದ. ಶವಸಂಸ್ಕಾರ ಮುಗಿದ ನಾಲ್ಕನೇ ದಿನ ಇಲ್ಲಿ ಪಂದ್ಯವಿತ್ತು. ಗೆರೆ ಹಾಕುವವರು ಯಾರೂ ಇಲ್ಲವೆಂದು ಕ್ಲಬ್ಬಿನಿಂದ ಒಬ್ಬರು ಬಂದು ಮೊಸ್ಸಿಯ ಕೀಲಿಕೈ ಕೇಳಿದರು. ಡಿಂಪ್ನಾ ಕೊಡಲಿಲ್ಲ, ತಾವೇ ಬಂದು ಬಾಗಿಲು ತೆಗೆದರು. ಆವತ್ತಿನಿಂದ ಆ ಕೀಲಿ ಅವರ ಕೋಟಿನ ಜೇಬಿನಲ್ಲಿದೆ.

ವಾರದಲ್ಲಿ ಎರಡು ದಿನ ದನದ ಸಂತೆಯ ಕ್ಯಾಂಟೀನಿನಲ್ಲಿ ಅಡುಗೆ, ಉಳಿದ ದಿನವೆಲ್ಲ ಇಲ್ಲಿ. ನೂರ ನಲವತ್ತು ಮೀಟರ್ ಉದ್ದ, ಎಂಬತ್ತೈದು ಮೀಟರ್ ಅಗಲದ ಮೈದಾನ. ಒಂದು ಸಲ ಕತ್ತರಿಸಲು ಎರಡೂವರೆ ಗಂಟೆ, ವರ್ಷಕ್ಕೆ ಎಂಬತ್ತು ತೊಂಬತ್ತು ಸಲ. ಪ್ರತಿ ಪಂದ್ಯದ ಮರುದಿನ ಬೂಟುಗಾಲು ಕಿತ್ತ ಮಣ್ಣಿನ ಹೆಂಟೆಗಳನ್ನು ಒಂದೊಂದಾಗಿ ಕೂರಿಸಿ, ಮರಳು ತುಂಬಿ ತುಳಿಯಬೇಕು. ಒಮ್ಮೆ ಎಣಿಸಿದ್ದರಂತೆ, ನಾನೂರ ಹನ್ನೆರಡು. ಕ್ಲಬ್ಬಿಗೆ ನೂರು ವರ್ಷ ತುಂಬಿದಾಗ ದಪ್ಪನೆಯ ಪುಸ್ತಕ ಬಂತು. ಸ್ಯಾಂಡ್‌ವಿಚ್ ಮಾಡಿದವರ ಹೆಸರೂ ಅದರಲ್ಲಿದೆ. ಇವರ ಪಾಲಿಗೆ ಬಂದದ್ದು "ಮೈದಾನ ನೋಡಿಕೊಂಡವರಿಗೂ ವಂದನೆ" ಎಂಬ ಅರ್ಧ ಸಾಲು.

ಅದಕ್ಕೆಲ್ಲ ಡಿಂಪ್ನಾ ತಲೆ ಕೆಡಿಸಿಕೊಂಡವರಲ್ಲ. ಈಗ ಕೆಡಿಸಿಕೊಂಡಿದ್ದಾರೆ. ಅದಕ್ಕೆ ಕಾರಣ ಕಳೆದ ಭಾನುವಾರದ ಕ್ವಾರ್ಟರ್ ಫೈನಲ್.

ಜಿಲ್ಲಾ ಮಟ್ಟದ ಕೌಂಟಿ ಕಪ್ ಕಿಲ್‌ಫರ್ನಾಕ್ಕೆ ಬಂದು ನಲವತ್ತೊಂದು ವರ್ಷವಾಯಿತು. ಈ ವರ್ಷ ಬರುತ್ತದೆಂದು ಚರ್ಚಿನ ಬಾಗಿಲಲ್ಲೂ ಮಾತಾಗಿತ್ತು. ಎದುರಾಳಿ ಪಕ್ಕದ ಡ್ರಮ್‌ಕೀಲ್. ಅವರ ಹುಡುಗರು ಹಗುರ, ಓಟಗಾರರು, ಚೆಂಡನ್ನು ನೆಲದ ಮೇಲೇ ಓಡಿಸಿ ಗೆಲ್ಲುವವರು. ನಮ್ಮವರು ಎತ್ತರದವರು, ಭಾರದವರು. ತಂಡದ ಮ್ಯಾನೇಜರ್ ಫಿನ್‌ಬಾರ್ ಕಾನ್ಸಿಡೀನ್ ಪರವೂರಿನವರು, ಬಿಳಿ ಹಲಗೆಯ ಮೇಲೆ ಬಾಣ ಎಳೆಯುವುದರಲ್ಲಿ ನಿಸ್ಸೀಮರು. ಪಂದ್ಯಕ್ಕೆ ಮೂರು ವಾರವಿದ್ದಾಗ ಅವರು ಕ್ಲಬ್ಬಿನ ಅಧ್ಯಕ್ಷ ನೆಡ್ ಕ್ವರ್ಕ್ ಜೊತೆ ಡಿಂಪ್ನಾರ ಶೆಡ್ಡಿಗೆ ಬಂದರು.

"ಡಿಂಪ್ನಾ, ಇನ್ಮೇಲೆ ಹುಲ್ಲು ಮುಟ್ಟಬೇಡಿ. ಎರಡೂವರೆ ಇಂಚು ಬೆಳೀಲಿ. ಅವರ ಚೆಂಡು ಅಲ್ಲಲ್ಲೇ ಕೂರಬೇಕು. ನಾವು ಮೇಲಿಂದ ಹೊಡೀತೀವಿ," ಎಂದರು ಕಾನ್ಸಿಡೀನ್.

"ನಮ್ಮ ಚೆಂಡೂ ಕೂರುತ್ತಲ್ಲ?" ಎಂದು ಕೇಳಿದರು ಡಿಂಪ್ನಾ.

"ನಮ್ಮದು ನೆಲಕ್ಕೇ ಬೀಳಲ್ಲ."

ಉಪಾಯ ತೀರಾ ಕೆಟ್ಟದ್ದೇನಲ್ಲ, ಕೇಳಿದರೆ ಡಿಂಪ್ನಾ ಕೂಡ ಹಾಗೇ ಹೇಳುತ್ತಾರೆ. ಆದರೆ ನಮ್ಮಲ್ಲೂ ಒಬ್ಬನ ಆಟವಿರುವುದು ನೆಲದ ಮೇಲೇ. ಮೂಲೆಯ ಜಾಗಕ್ಕೆ ಚೆಂಡು ಪುಟಿದು ಓಡಬೇಕು, ಅವನು ಅದರ ಹಿಂದೆ ಹಾರಬೇಕು. ಹನ್ನೊಂದು ವರ್ಷದಿಂದ ಆ ಮೂಲೆ ಅವನದು. ಕುಳ್ಳ, ಮೂವತ್ತಮೂರು ವರ್ಷ, ಮೊಣಕಾಲು ಸವೆದಿದೆ, ಈ ವರ್ಷವೇ ಕೊನೆಯದು ಎಂದು ಅವನೇ ಹೇಳಿಕೊಂಡಿದ್ದ. ಹೆಸರು ಕೊಲಮ್. ಡಿಂಪ್ನಾರ ಒಬ್ಬನೇ ಮಗ.

ಪಂದ್ಯದ ಮುಂಚಿನ ಗುರುವಾರ ಹದಿನೈದು ಮಂದಿಯ ಪಟ್ಟಿ ಹೊರಬಿತ್ತು. ಕೊಲಮ್ ಬದಲಿ ಆಟಗಾರರ ಬೆಂಚಿನ ಮೇಲೆ. ಉದ್ದ ಹುಲ್ಲಿನಲ್ಲಿ ಅವನಿಂದೇನು ಪ್ರಯೋಜನ ಎಂಬುದು ಲೆಕ್ಕಾಚಾರ. ಸಂಜೆ ಹಾಲು ಕರೆದು ಮುಗಿಸಿ, ಅದೇ ಬಟ್ಟೆಯಲ್ಲಿ ಅವನು ಶೆಡ್ಡಿಗೆ ಬಂದ.

"ಅಮ್ಮಾ, ಒಂದ್ಸಲ ಮೆಷಿನ್ ಓಡಿಸು ಸಾಕು. ಶನಿವಾರದೊಳಗೆ ಎರಡು ಸುತ್ತು. ಪಟ್ಟಿ ಬದಲಾಯಿಸ್ಲೇಬೇಕಾಗುತ್ತೆ ಆ ಮ್ಯಾನೇಜರ್."

"ಆಗಲ್ಲ ಕಣೋ. ಮಾತು ಕೊಟ್ಟಿದೀನಿ. ಮೈದಾನ ನನ್ನದಲ್ಲ, ಕ್ಲಬ್ಬಿಂದು."

"ಮತ್ತೆ ನಾನು ಯಾರವನು?"

ಇದನ್ನು ಹೇಳುತ್ತಾ ಡಿಂಪ್ನಾ ಬಗ್ಗಿ ಟ್ರ್ಯಾಕ್ಟರಿನ ಎಣ್ಣೆ ನೋಡುತ್ತಾರೆ. ಮಗನಿಗಾಗಿ ಕತ್ತರಿಸಿದ್ದರೆ ಅದು ಮೋಸ. ಕತ್ತರಿಸದೆ ಬಿಟ್ಟದ್ದು ಏನು ಎಂಬುದು ಅವರಿಗೆ ಇವತ್ತಿಗೂ ಗೊತ್ತಾಗಿಲ್ಲ.

ಭಾನುವಾರ ಡ್ರಮ್‌ಕೀಲ್‌ನವರು ಬಂದು ಹುಲ್ಲು ನೋಡಿ ನಕ್ಕರು, ಆಮೇಲೆ ಅವರೂ ಮೇಲಿಂದಲೇ ಹೊಡೆದರು. ಓಡುವವರು ಎಗರಲೂ ಬಲ್ಲರು ಎಂಬುದು ಕಾನ್ಸಿಡೀನರ ಹಲಗೆಯ ಮೇಲೆ ಇರಲಿಲ್ಲ. ಕೊನೆಯ ಹತ್ತು ನಿಮಿಷಕ್ಕೆ ದಿಕ್ಕು ತೋಚದೆ ಕೊಲಮ್‌ನನ್ನು ಮೈದಾನಕ್ಕೆ ಇಳಿಸಿದರು. ಕೊನೆಯ ನಿಮಿಷ, ನಾವು ಒಂದು ಪಾಯಿಂಟ್ ಹಿಂದೆ. ನಡುವಿನಿಂದ ಯಾರೋ ಮೂಲೆಗೆ ಚೆಂಡು ಕಳಿಸಿದರು. ಕೊಲಮ್ ಎದುರಾಳಿಯನ್ನು ಎರಡು ಗಜ ಹಿಂದೆ ಹಾಕಿ ಹೊರಟಿದ್ದ, ಮುಂದೆ ಗೋಲ್ ಕಾಯುವವನು ಒಬ್ಬನೇ. ಚೆಂಡು ನೆಲಕ್ಕೆ ಬಿತ್ತು, ಬಿದ್ದಲ್ಲೇ ಉಳಿಯಿತು. ಅದು ಓಡುತ್ತದೆಂದು ನಂಬಿದ್ದವನು ಅದನ್ನು ದಾಟಿ ಹೋದ. ಅವನ ಹರ್ಲಿ ಕೋಲು ಬರೀ ಗಾಳಿಯನ್ನು ಸೀಳಿತು. ಅವನು ತಿರುಗುವಷ್ಟರಲ್ಲಿ ಎದುರಾಳಿ ಚೆಂಡನ್ನೆತ್ತಿ ಆಚೆಗೆ ಹೊಡೆದಾಗಿತ್ತು. ಪಂದ್ಯ ಮುಗಿದ ಸೀಟಿ ಮೊಳಗಿತು.

ಡಿಂಪ್ನಾ ಸುಣ್ಣದ ಡಬ್ಬದ ಹತ್ತಿರ ನಿಂತಿದ್ದರು, ಆ ಮೂಲೆಗೆ ಮೂವತ್ತು ಹೆಜ್ಜೆ.

ಸಂಜೆ ಸ್ಥಳೀಯ ರೇಡಿಯೋದಲ್ಲಿ ಮ್ಯಾನೇಜರ್ ಮಾತಾಡಿದರು: "ಹುಡುಗರ ತಪ್ಪಿಲ್ಲ. ಮೈದಾನ ಸಿದ್ಧ ಇರಲಿಲ್ಲ, ಚೆಂಡು ಓಡಲೇ ಇಲ್ಲ. ಸೀನಿಯರ್ ಕ್ಲಬ್ಬಿಗೆ ಇಂಥದ್ದು ಶೋಭೆ ಅಲ್ಲ." ಹೇಳುವಾಗ ಅವರ ದನಿ ಒಂದಿಷ್ಟೂ ಅಳುಕಲಿಲ್ಲ. ಡಿಂಪ್ನಾ ಆಲೂಗಡ್ಡೆ ಸುಲಿಯುತ್ತಾ ಕೇಳಿದರು, ಸುಲಿದು ಮುಗಿಸಿದರು.

ಸೋಮವಾರ ಕ್ಯಾಂಟೀನಿನಲ್ಲಿ ಒಬ್ಬ ರೈತ ಚಹಾ ಕಲಕುತ್ತಾ ಶುರುಮಾಡಿದ: "ಡಿಂಪ್ನಾ, ನನ್ನ ಹಸುಗಳನ್ನ ಮೈದಾನಕ್ಕೆ ಬಿಡ್ಲಾ? ಒಂದು ವಾರದ ಮೇವಿದೆಯಂತೆ."

"ಬಿಡಪ್ಪಾ. ನಮ್ಮ ಫುಲ್‌ಬ್ಯಾಕ್‌ಗಿಂತ ಚುರುಕಾಗಿ ಓಡಾಡ್ತವೆ."

ಎಲ್ಲರೂ ನಕ್ಕರು. ಬಾಗಿಲ ಹತ್ತಿರ ನೆಡ್ ಕ್ವರ್ಕ್ ಇದ್ದರು, ಅವರೂ ನಕ್ಕರು. ಆಮೇಲೆ ಪಾತ್ರೆ ತೊಳೆಯುವ ಜಾಗಕ್ಕೆ ಬಂದು ದನಿ ತಗ್ಗಿಸಿದರು.

"ಮನಸ್ಸಿಗೆ ಹಚ್ಕೋಬೇಡ, ಡಿಂಪ್ನಾ."

"ನೀನು ಅಲ್ಲೇ ಇದ್ದೆ, ನೆಡ್. ಶೆಡ್ಡಲ್ಲಿ."

"ಇದ್ದೆ. ಆದ್ರೆ ಮುಂದಿನ ವರ್ಷಕ್ಕೂ ಫಿನ್‌ಬಾರ್‌ನ ಒಪ್ಪಿಸ್ಬೇಕಲ್ಲ. ಈಗ ಅವನಿಗೆ ಮುಜುಗರ ಮಾಡೋದು ಬೇಡ ಅಂತ. ನಿನಗೆ ಅರ್ಥ ಆಗುತ್ತೆ."

ಅರ್ಥವಾಯಿತು. ಒಬ್ಬ ಅಧ್ಯಕ್ಷ ಬಾಯಿ ಬಿಟ್ಟು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು, ಆ ಮಾತು ಹೊರಬರಲಿಲ್ಲ. ಡಿಂಪ್ನಾ ತಾವಾಗಿ ಹೇಳಿದರೆ ನಂಬುವವರು ಯಾರು? ಸೋತ ಮೇಲೆ ಸಬೂಬು ಎನ್ನುತ್ತಾರೆ. ಕೊಲಮ್‌ಗೆ ಎಲ್ಲವೂ ಗೊತ್ತು. ಅವನೂ ಸುಮ್ಮನಿದ್ದಾನೆ, ಡಿಂಪ್ನಾರನ್ನು ಕುಟುಕುವುದು ಅದೇ. ಭಾನುವಾರದಿಂದ ಅವನು ಅಮ್ಮನ ಮನೆಗೆ ಬಂದಿಲ್ಲ. ಅವನ ಹರ್ಲಿಯನ್ನು ತಂಡದ ಹುಡುಗನೊಬ್ಬ ತಂದು ಶೆಡ್ಡಿನ ಗೋಡೆಗೆ ಒರಗಿಸಿ ಹೋಗಿದ್ದಾನೆ.

ಯಂತ್ರ ಶುರುವಾಗಿದೆ. ಕತ್ತರಿಸು ಎಂದು ಈ ಬಾರಿ ಯಾರೂ ಹೇಳಿಲ್ಲ. ಮಾರ್ಚಿನವರೆಗೆ ಇಲ್ಲಿ ದೊಡ್ಡ ಪಂದ್ಯವೂ ಇಲ್ಲ. ಒಂದೇ ಸಲಕ್ಕೆ ಬುಡದವರೆಗೆ ಇಳಿಸಿದರೆ ಹುಲ್ಲು ಹಳದಿ ತಿರುಗುತ್ತದೆ. ಅದಕ್ಕೇ ಇವತ್ತು ಸ್ವಲ್ಪ, ಶನಿವಾರ ಇನ್ನು ಸ್ವಲ್ಪ, ಮುಂದಿನ ಬುಧವಾರಕ್ಕೆ ಗೆಣ್ಣಿನ ಅಳತೆ. ಆ ಮೂಲೆಗೆ ಬಂದಾಗ ಅವರು ವೇಗ ತಗ್ಗಿಸುತ್ತಾರೆ, ಅದೇ ಜಾಗದ ಮೇಲೆ ಎರಡು ಸಲ ಹಾಯುತ್ತಾರೆ.

ಇಷ್ಟೆಲ್ಲ ಯಾರಿಗಾಗಿ ಎಂದು ಕೇಳಿದರೆ ಯಂತ್ರ ನಿಲ್ಲಿಸುತ್ತಾರೆ. "ರೇಡಿಯೋದಲ್ಲಿ ಮಾತಾಡಿದೋರು ಬಂದು ಕ್ಷಮೆ ಕೇಳ್ಲಿ ಅಂತೇನಿಲ್ಲ. ಪುಸ್ತಕದಲ್ಲಿ ಹೆಸರೂ ಬೇಡ," ಎನ್ನುತ್ತಾರೆ. ಕೈಗವಸು ತೆಗೆದು, ಕತ್ತರಿಸಿದ ಹುಲ್ಲಿನ ಮೇಲೆ ಅಂಗೈ ಆಡಿಸುತ್ತಾರೆ.

"ಮುಂದಿನ ವಾರ ಇದು ಹದಕ್ಕೆ ಬರುತ್ತೆ. ಆಗ ಒಂದು ಸಂಜೆ ಕೊಲಮ್ ಬರ್ಬೇಕು. ನನ್ ಜೊತೆ ಮಾತಾಡದಿದ್ರೂ ಪರವಾಗಿಲ್ಲ. ನಡುವಿನಿಂದ ಈ ಮೂಲೆಗೆ ಒಂದೇ ಒಂದು ಚೆಂಡು ಹೊಡೀಲಿ. ಆವತ್ತು ಹುಲ್ಲು ಹೀಗಿದ್ದಿದ್ರೆ ಅದು ಎಲ್ಲಿಗೆ ಹೋಗ್ತಿತ್ತು ಅಂತ ನಾನು ನೋಡ್ಬೇಕು."