ದರ್ಜಿಯ ಮಗಳಿಗೆ ನಾನು ಕೊಟ್ಟ ಕೆಲಸ

2022ರ ಬೇಸಿಗೆ. ದಾವಣಗೆರೆಯ ಒಂದು ಪದವಿ ಕಾಲೇಜಿನಲ್ಲಿ ಪತ್ರಿಕೋದ್ಯಮ ವಿಭಾಗದ ಮುಖ್ಯಸ್ಥೆಯಾಗಿ ನನಗದು ಒಂಬತ್ತನೇ ವರ್ಷ. ವಿಭಾಗ ಎಂದರೆ ದೊಡ್ಡದೇನೂ ಕಲ್ಪಿಸಿಕೊಳ್ಳಬೇಡಿ. ನಾನು, ಒಬ್ಬ ಅತಿಥಿ ಉಪನ್ಯಾಸಕ, ಒಂದು ಬೀರು. ಬೀರುವಿನೊಳಗೆ ಕಾಲು ಸಡಿಲಾದ ಟ್ರೈಪಾಡ್ ಒಂದಿತ್ತು. ಕೊನೆಯ ಸೆಮಿಸ್ಟರಿನ ವಿದ್ಯಾರ್ಥಿಗಳು ಹದಿನೈದು ನಿಮಿಷದ ಕಿರುಚಿತ್ರ ತಯಾರಿಸಬೇಕು ಎಂದು ಪಠ್ಯಕ್ರಮ ಹೇಳುತ್ತಿತ್ತು. ಯಾವುದರಿಂದ ತಯಾರಿಸಬೇಕು ಎಂಬುದನ್ನು ಮಾತ್ರ ಹೇಳಿರಲಿಲ್ಲ.

ಅದಕ್ಕೆ ನಾನೇ ಒಂದು ಪದ್ಧತಿ ಮಾಡಿಕೊಂಡಿದ್ದೆ. ಸೆಮಿಸ್ಟರಿನ ಆರಂಭದಲ್ಲಿ ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟು, ಮನೆಯಲ್ಲಿ ಏನೇನಿದೆ, ತಂದೆಯ ಉದ್ಯೋಗವೇನು ಎಂದು ಬರೆಸಿಕೊಳ್ಳುತ್ತಿದ್ದೆ. ಅಣ್ಣನ ಫೋಟೋ ಸ್ಟುಡಿಯೋ ಇದ್ದವನಿಗೆ ಕ್ಯಾಮೆರಾ. ತಂದೆಯ ಗಾಡಿ ಇದ್ದವನಿಗೆ ಪ್ರೊಡಕ್ಷನ್, ಅಂದರೆ ಊಟ, ಓಡಾಟ, ಜಾಗದ ವ್ಯವಸ್ಥೆ. ಯಾರ ಮನೆಯಲ್ಲಿ ಏನೂ ಇಲ್ಲವೋ ಅವರಿಗೆ ಕಂಟಿನ್ಯುಟಿ. ಒಂದು ಶಾಟ್‌ನಲ್ಲಿ ಎಡಗೈಯಲ್ಲಿದ್ದ ಚೀಲ ಮುಂದಿನ ಶಾಟ್‌ನಲ್ಲಿ ಬಲಗೈಗೆ ಹೋಗದಂತೆ ಬರೆದಿಟ್ಟುಕೊಳ್ಳುವ ಕೆಲಸ, ಅದಕ್ಕೆ ಪೆನ್ನೊಂದಿದ್ದರೆ ಸಾಕು. ಒಂದು ರೂಪಾಯಿ ಅನುದಾನವಿಲ್ಲದೆ ಎಂಟು ಚಿತ್ರ ಮುಗಿಸಿದ್ದೆ. ಬೇರೆ ಕಾಲೇಜಿನವರು ಕೇಳಿದರೆ "ಇದ್ದುದರಲ್ಲಿ ಹೊಂದಿಸೋದು ಹೆಂಗೆ ಅಂತ ನನ್ನ ಕೇಳ್ರಿ" ಎಂದು ಎದೆಯುಬ್ಬಿಸುತ್ತಿದ್ದೆ.

ಆ ವರ್ಷ ಹನ್ನೊಂದು ಮಕ್ಕಳಿದ್ದರು. ಕೊಟ್ರೇಶ ಎಂಬ ಹುಡುಗನ ತಂದೆಯದು ದಾವಣಗೆರೆಯಲ್ಲೇ ಶಾಮಿಯಾನ, ಮೈಕ್‌ಸೆಟ್ ಬಾಡಿಗೆಗೆ ಕೊಡುವ ಅಂಗಡಿ. ಅವರಲ್ಲಿ ಒಂದು ಸೌಂಡ್ ರೆಕಾರ್ಡರ್ ಇತ್ತು. ಶಬ್ದಗ್ರಹಣ ಎಂಬಲ್ಲಿ ಹಿಂದೆಮುಂದೆ ನೋಡದೆ ಕೊಟ್ರೇಶ ಎಂದು ಬರೆದೆ. ಹರಿಹರದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ರುಕ್ಸಾನಾಳ ತಂದೆ ದಾದಾಪೀರ್ ಟೇಲರ್. ವಸ್ತ್ರವಿನ್ಯಾಸ ಎಂಬಲ್ಲಿ ರುಕ್ಸಾನಾ ಎಂದು ಬರೆದೆ.

ಪಟ್ಟಿ ಓದಿ ಮುಗಿಸಿದಾಗ ಅವಳು ಎದ್ದು ನಿಂತಳು.

"ಮೇಡಂ, ನನಗ ಸೌಂಡ್ ಕೊಡ್ರಿ."

"ನಿಮ್ಮನೇಲಿ ರೆಕಾರ್ಡರ್ ಐತೇನವ್ವಾ?"

"ಇಲ್ರಿ."

"ಹೊಲಿಗೆ ಮಷಿನ್ ಐತಲ್ಲ? ಸುಮ್ನೆ ಕೂಡು ಹಂಗಾದ್ರೆ."

ತರಗತಿ ನಕ್ಕಿತು. ನಾನೂ ನಕ್ಕೆ. ಆ ನಗು ನೆನಪಾದರೆ ಇವತ್ತಿಗೂ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಮರುದಿನ ಅವಳು ಸ್ಟಾಫ್ ರೂಮಿಗೆ ಬಂದು ಕಾರಣ ಹೇಳಿದಳು. ಹೊರರಾಜ್ಯದ ಒಂದು ಫಿಲ್ಮ್ ಸಂಸ್ಥೆಯಲ್ಲಿ ಸೌಂಡ್ ಕೋರ್ಸ್ ಇದೆ. ಅರ್ಜಿಯ ಜೊತೆಗೆ ತಾನು ಶಬ್ದ ವಿಭಾಗದಲ್ಲಿ ಕೆಲಸ ಮಾಡಿದ ಒಂದು ಚಿತ್ರ ಕಳಿಸಬೇಕು, ಅದರ ಟೈಟಲ್‌ನಲ್ಲಿ ತನ್ನ ಹೆಸರಿರಬೇಕು. ಪದವಿ ಮುಗಿದ ಎರಡು ವರ್ಷದೊಳಗೆ ಅರ್ಜಿ ಹಾಕಬೇಕು. "ನಮ್ಮ ಕಾಲೇಜಿನ ಪಿಚ್ಚರ್ ಬಿಟ್ರೆ ನನಗ ಯಾರ್ ಪಿಚ್ಚರ್ ಕೊಡ್ತಾರ್ರಿ ಮೇಡಂ?" ಎಂದಳು. ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಆ ಹೊತ್ತಿಗೆ ಪಟ್ಟಿ ಟೈಪಾಗಿ, ಪ್ರಿನ್ಸಿಪಾಲರ ಸೀಲು ಬಿದ್ದು, ವಿಶ್ವವಿದ್ಯಾಲಯಕ್ಕೆ ಹೋಗಲು ಕವರಿನಲ್ಲಿತ್ತು. ಯಾರಿಗೆ ಯಾವ ಕೆಲಸವೋ ಅದರ ಮೇಲೆಯೇ ಅಂಕ. ಕವರು ನನ್ನ ಮೇಜಿನ ಮೇಲೇ ಇತ್ತು, ಅಂಟು ಕೂಡ ಹಚ್ಚಿರಲಿಲ್ಲ. "ನೋಡೋಣ, ಈಗ ಹೋಗು" ಎಂದೆ. ಅವಳು ಹೋದ ಮೇಲೆ ಕವರಿಗೆ ಅಂಟು ಹಚ್ಚಿದೆ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಸ್ವಭಾವ ನನ್ನದು. ಮನೆಯಲ್ಲೂ ಅದನ್ನೇ ಹೇಳುತ್ತಾರೆ.

ಚಿತ್ರದ ಕಥೆ ಸರಳವಾದದ್ದು. ತಾಯಿಯೊಬ್ಬಳು ಹರಕೆ ತೀರಿಸಲು ಮಗಳನ್ನು ಉಕ್ಕಡಗಾತ್ರಿಗೆ ಕರೆದೊಯ್ಯುತ್ತಾಳೆ. ಹರಕೆ ಏನೆಂದು ಮಗಳಿಗೆ ಗೊತ್ತಿಲ್ಲ. ದಾರಿಯುದ್ದಕ್ಕೂ ಇಬ್ಬರಿಗೂ ಜಗಳ. ಕೊನೆಗೆ ಹೊಳೆ ದಂಡೆಯ ಮೇಲೆ ಕೂತು ತಾಯಿ ಬಾಯಿ ಬಿಡುತ್ತಾಳೆ. ಎರಡು ನಿಮಿಷದ ಆ ಮಾತು ಕೇಳಿಸದಿದ್ದರೆ ಚಿತ್ರವೇ ಇಲ್ಲ. ತಾಯಿಯ ಪಾತ್ರಕ್ಕೆ ನಮ್ಮೂರಿನ ಹವ್ಯಾಸಿ ನಾಟಕದ ಹಿರಿಯ ಕಲಾವಿದೆಯೊಬ್ಬರು ಒಪ್ಪಿದ್ದರು. ಮಗಳಾದವಳು ತರಗತಿಯ ಹುಡುಗಿ.

ಚಿತ್ರೀಕರಣ ಮೂರು ದಿನ, ಏಪ್ರಿಲ್‌ನಲ್ಲಿ. ರಂಜಾನ್ ತಿಂಗಳು. ಮೊದಲ ದಿನ ಹರಿಹರದ ಬಸ್ ನಿಲ್ದಾಣದಲ್ಲಿ ರುಕ್ಸಾನಾ ಬಟ್ಟೆಗಳ ಗಂಟು ತಂದು ಬಿಚ್ಚಿದಾಗ ನಾನು ಬೆರಗಾದೆ. ತಾಯಿಯ ಕುಪ್ಪಸದ ತೋಳಿಗೆ ಹಳೆಯದಾಗಿ ಕಾಣುವಂತೆ ತೇಪೆ ಹಾಕಿತ್ತು, ಮಗಳ ಚೂಡಿದಾರದ ಕೆಳಗಿನ ಅಂಚು ಎರಡು ಸಲ ಬಿಚ್ಚಿ ಹೊಲಿದಂತಿತ್ತು. "ನೋಡು, ನಿನಗ ಏನ್ ಕೊಡ್ಬೇಕು ಅಂತ ನನಗ ಗೊತ್ತಿತ್ತು" ಎಂದು ಎಲ್ಲರೆದುರು ಬೆನ್ನು ತಟ್ಟಿದೆ. ಅವಳು ಪಿನ್ನಿನ ಡಬ್ಬಿ ಮುಚ್ಚಿದಳು.

ಎರಡನೇ ದಿನ ಉಕ್ಕಡಗಾತ್ರಿ. ಭಕ್ತರ ಗದ್ದಲದಿಂದ ದೂರ, ಹೊಳೆಯ ಕೆಳಮಗ್ಗುಲಿಗೆ ಹೋಗಿ ಜಾಗ ಹಿಡಿದೆವು. ಬಿಸಿಲು ನೆತ್ತಿ ಸುಡುತ್ತಿತ್ತು. ಕೊಟ್ರೇಶ ರೆಕಾರ್ಡರ್ ಹಿಡಿದು ನಿಂತಿದ್ದ. ಹೆಡ್‌ಫೋನ್ ಕಿವಿಯ ಮೇಲಿರದೆ ಕೊರಳಿಗೆ ಹಾರದಂತೆ ಬಿದ್ದಿತ್ತು. ಮದುವೆ ಮನೆಯಲ್ಲಿ ಮೈಕು ಕಟ್ಟಿ ಅಭ್ಯಾಸವಾದ ಹುಡುಗ. ಸದ್ದು ದೊಡ್ಡದಾಗಿ ಬಂದರೆ ಸಾಕು ಎಂಬುದು ಅವನಿಗೆ ಗೊತ್ತಿದ್ದ ವಿದ್ಯೆ, ಬೇರೆಯದನ್ನು ನಾನೂ ಕಲಿಸಿರಲಿಲ್ಲ.

ಎರಡನೇ ಟೇಕ್ ಮುಗಿದಾಗ ರುಕ್ಸಾನಾ ನನ್ನ ಬಳಿ ಬಂದಳು. ಉಪವಾಸದಿಂದ ತುಟಿ ಒಣಗಿತ್ತು.

"ಮೇಡಂ, ಆಕಡಿ ದಂಡೀಗೆ ಪಂಪ್‌ಸೆಟ್ ನಡದೈತ್ರಿ. ಮಾತೆಲ್ಲ ಅದ್ರಾಗ ಮುಳುಗ್ತಾವು. ಹೋಗಿ ಅರ್ಧ ತಾಸು ಬಂದ್ ಮಾಡ್ರಿ ಅಂತ ಕೇಳೋಣ್ರಿ."

ನಾನು ಕಿವಿಗೊಟ್ಟೆ. ನನಗೇನೂ ಅನ್ನಿಸಲಿಲ್ಲ. ಹೊಲದ ನಡುವೆ ಬೆಳೆದವಳು ನಾನು. ಪಂಪ್‌ಸೆಟ್ಟಿನ ಸದ್ದು ಈ ಸೀಮೆಯ ನಮ್ಮಂಥವರಿಗೆ ಸದ್ದೇ ಅಲ್ಲ. ಕೊಟ್ರೇಶನನ್ನು ಕೇಳಿದೆ. "ಕ್ಲಿಯರ್ ಐತ್ರಿ ಮೇಡಂ" ಎಂದ.

"ಸೌಂಡ್ ನೋಡ್ಕೊಳಾಕ ಅವನಿದಾನ. ನೀನು ಆ ಸೀರೆ ನೆರಿಗೆ ಸರಿ ಮಾಡು, ಹೋಗು" ಎಂದೆ.

ಅವಳು ಹೋಗಿ ನೆರಿಗೆ ಸರಿ ಮಾಡಿದಳು.

ಮೂರನೇ ದಿನ ಭಾನುವಳ್ಳಿಯಲ್ಲಿ, ಪ್ರೊಡಕ್ಷನ್ ನೋಡಿಕೊಳ್ಳುತ್ತಿದ್ದ ಬಸವರಾಜನ ಮನೆಯಲ್ಲಿ. ಅವನ ತಾಯಿ ರೊಟ್ಟಿ, ಮುಳಗಾಯಿ ಪಲ್ಯ ಮಾಡಿ ಬಡಿಸಿದರು. ನಾವು ಜಗಲಿಯಲ್ಲಿ ಉಣ್ಣುತ್ತಿರುವಾಗ ರುಕ್ಸಾನಾ ಕಾಣಲಿಲ್ಲ. ರೋಜಾ ಉಪವಾಸದಲ್ಲಿದ್ದಾಳೆ, ಎಲ್ಲೋ ಒರಗಿರಬೇಕು ಎಂದುಕೊಂಡೆ. ಊಟ ಮುಗಿದರೂ ಇಬ್ಬರು ನಟಿಯರೂ ನಾಪತ್ತೆ. ಹುಡುಕಿದರೆ ಭತ್ತದ ಚೀಲ ಒಟ್ಟಿದ ಕೋಣೆಯ ಬಾಗಿಲು ಒಳಗಿನಿಂದ ಹಾಕಿತ್ತು. ದಬದಬ ಬಡಿದೆ. ಮೂವರೂ ಬೆವರಿನಲ್ಲಿ ತೊಯ್ದು ಹೊರಗೆ ಬಂದರು.

"ಏನ್ ಆಟ ಹಚ್ಚೀರಿ? ಬೆಳಕು ಹೋದ್ರೆ ಯಾರ್ ತಂದ್ಕೊಡ್ತಾರ?" ಎಂದು ರೇಗಿದೆ. ಹಿರಿಯ ಕಲಾವಿದೆ ಏನೋ ಹೇಳಹೊರಟರು. ರುಕ್ಸಾನಾ ಅವರ ಕೈ ಅದುಮಿ ತಡೆದಳು.

ಎಡಿಟಿಂಗ್‌ಗೆ ಕೂತಾಗ ಹೊಳೆ ದಂಡೆಯ ದೃಶ್ಯ ಹಾಕಿದೆವು. ಅಯ್ಯೋ ದೇವರೇ! ದಡದಡ ದಡದಡ ಎಂಬ ಪಂಪ್‌ಸೆಟ್ಟು, ಅದರ ಹಿಂದೆಲ್ಲೋ ತಾಯಿಯ ಗೊಣಗು. ಕೊಟ್ರೇಶನ ಮುಖ ಬಾಡಿಹೋಯಿತು. ಚಿತ್ರ ಒಪ್ಪಿಸಲು ನಾಲ್ಕು ದಿನವಿತ್ತು, ಕಲಾವಿದೆ ನಾಟಕಕ್ಕೆಂದು ಊರು ಬಿಟ್ಟಾಗಿತ್ತು. ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ಆಗ ರುಕ್ಸಾನಾ ಬ್ಯಾಗಿನಿಂದ ಪೆನ್‌ಡ್ರೈವ್ ತೆಗೆದು ಮೇಜಿನ ಮೇಲಿಟ್ಟಳು.

"ಇದ್ರಾಗ ಐತೆ ನೋಡ್ರಿ."

ಭತ್ತದ ಚೀಲಗಳು ಸದ್ದು ಹೀರಿಕೊಳ್ಳುತ್ತವೆ ಎಂದು ಆ ಕೋಣೆ ಹುಡುಕಿ, ಕ್ಯಾಮೆರಾ ಹುಡುಗನಿಂದ ದೃಶ್ಯವನ್ನು ಮಗಳ ಪಾತ್ರದ ಹುಡುಗಿಯ ಫೋನಿಗೆ ಹಾಕಿಸಿ ಇಬ್ಬರಿಗೂ ತೋರಿಸಿ, ತುಟಿ ಕೂಡುವ ಹಾಗೆ ಅದೇ ಮಾತು ಆಡಿಸಿದ್ದಳು. ಕೊರಳಪಟ್ಟಿಗೆ ಸಿಕ್ಕಿಸುವ ಅಗ್ಗದ ಮೈಕು, ರೆಕಾರ್ಡ್ ಮಾಡಲು ತನ್ನದೇ ಫೋನು. ಅದಲ್ಲದೆ ಹೊಳೆ ನೀರಿನ ಸದ್ದು ಬೇರೆ, ಬಸ್ಸಿನ ಕಂಡಕ್ಟರ್ ಸೀಟಿ ಬೇರೆ, ತಾಯಿಯ ಬಳೆ ಸದ್ದು ಬೇರೆ. ಒಂದೊಂದಕ್ಕೂ ಹೆಸರು ಬರೆದಿಟ್ಟಿದ್ದಳು. ಕೂಡಿಸಿ ಕೇಳಿದಾಗ ನನಗೆ ಅಳು ಬಂತು. ತಾಯಿ ನನ್ನ ಪಕ್ಕದಲ್ಲೇ ಕೂತು ಮಾತಾಡುತ್ತಿದ್ದಂತಿತ್ತು. ಎಲ್ಲರಿಗೂ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತರಿಸಿದೆ. ಅವಳ ಪಾಲನ್ನು ಸಂಜೆಗೆಂದು ಕಟ್ಟಿಕೊಟ್ಟೆ. ನನ್ನ ದೊಡ್ಡಸ್ತಿಕೆ ಅಲ್ಲಿಗೇ ಮುಗಿಯಿತು.

ಟೈಟಲ್ ಹಾಕುವಾಗ ಬಸವರಾಜ ಬಾಯಿ ಬಿಟ್ಟ. "ಮೇಡಂ, ಶಬ್ದಗ್ರಹಣಕ್ಕ ರುಕ್ಸಾನಾ ಹೆಸರು ಹಾಕ್ಬೇಕಲ್ರಿ."

ಕೊಟ್ರೇಶನೂ ತಲೆಯಾಡಿಸಿದ. "ಹಾಕ್ರಿ ಮೇಡಂ. ನಂದೇನ್ ತಕರಾರಿಲ್ಲ. ನಾ ಮಾಡಿದ್ದು ಪಂಪ್‌ಸೆಟ್ ಒಂದ ಐತೆ ಅದ್ರಾಗ."

ಆ ಹುಡುಗನ ಅರ್ಧದಷ್ಟು ಮನಸ್ಸು ನನಗಿದ್ದಿದ್ದರೆ! ವಿಶ್ವವಿದ್ಯಾಲಯಕ್ಕೆ ಹೋದ ಪಟ್ಟಿಯಲ್ಲಿ ಒಂದು, ಟೈಟಲ್‌ನಲ್ಲಿ ಇನ್ನೊಂದು ಇದ್ದರೆ ಹೊರಗಿನಿಂದ ಬರುವ ಪರೀಕ್ಷಕರು ಕೇಳುತ್ತಾರೆ, ಕೊಟ್ರೇಶನ ಅಂಕಕ್ಕೆ ಪೆಟ್ಟು ಬೀಳುತ್ತದೆ ಎಂದೆಲ್ಲ ಹೇಳಿದೆ. ಪಟ್ಟಿ ತಿದ್ದಲು ಒಂದು ಪತ್ರ ಬರೆದರೆ ಆಗುತ್ತಿತ್ತು. ಅದನ್ನು ಬರೆದರೆ ನನ್ನ ಪಟ್ಟಿ ತಪ್ಪಾಗಿತ್ತು ಎಂದು ನಾನೇ ರುಜು ಹಾಕಿದಂತೆ ಆಗುತ್ತಿತ್ತು. ನಿಜವಾದ ಕಾರಣ ಅದು. ಕೊನೆಗೆ 'ಶಬ್ದಗ್ರಹಣ: ಕೊಟ್ರೇಶ', 'ವಸ್ತ್ರವಿನ್ಯಾಸ: ರುಕ್ಸಾನಾ' ಎಂದೇ ಇಟ್ಟು, ಕೃತಜ್ಞತೆಯ ಸಾಲಿನಲ್ಲಿ ಅವಳ ಹೆಸರು ಇನ್ನೊಮ್ಮೆ ಸೇರಿಸಿದೆ. ವಸ್ತ್ರವಿನ್ಯಾಸಕ್ಕೆ ಇಪ್ಪತ್ತೈದಕ್ಕೆ ಇಪ್ಪತ್ತನಾಲ್ಕು ಅಂಕ ಕೊಟ್ಟೆ. ಜೂನ್‌ನಲ್ಲಿ ಅವಳು ಅರ್ಜಿಗೆ ಪತ್ರ ಕೇಳಿದಾಗ "ಶಬ್ದ ವಿಭಾಗದಲ್ಲಿಯೂ ಸಹಕರಿಸಿರುತ್ತಾರೆ" ಎಂದು ಬರೆದುಕೊಟ್ಟೆ. ಅವಳು ಅದನ್ನು ಅಲ್ಲೇ ನಿಂತು ಎರಡು ಸಲ ಓದಿದಳು. "ಸಹಕರಿಸಿರುತ್ತಾರೆ" ಎಂದು ಒಮ್ಮೆ ಬಾಯಿಬಿಟ್ಟು ಅಂದಳು. ಆಮೇಲೆ ನಮಸ್ಕಾರ ಮಾಡಿ ಹೋದಳು.

2024ರ ಆಗಸ್ಟ್‌ನಲ್ಲಿ ಹರಿಹರದಲ್ಲಿ ಒಂದು ಮದುವೆಗೆ ಹೋದವಳು ಬಜಾರಿನಲ್ಲಿ ದಾದಾಪೀರ್ ಅವರ ಅಂಗಡಿ ಕಂಡು ಒಳಗೆ ಹೋದೆ. "ಬರ್ರಿ ಮೇಡಂ, ಕೂಡ್ರಿ" ಎಂದು ಸ್ಟೂಲು ಒರೆಸಿ ಕೊಟ್ಟರು, ಚಹಾ ತರಿಸಿದರು. ಮಗಳು ಒಂದು ಖಾಸಗಿ ಶಾಲೆಯಲ್ಲಿ ಆಫೀಸ್ ಕೆಲಸ ಮಾಡುತ್ತಿದ್ದಾಳಂತೆ. ನಾನು ಮಾತಿಗೆ ಮಾತು ಸೇರಿಸಿ, ನಿಮ್ಮ ಮಗಳ ಕೈ ಹೊಲಿಗೆ ಬಹಳ ಚೆಂದ ಎಂದೆ. ಅವರು ಟೇಪು ಕೊರಳಿಂದ ತೆಗೆದು ಜೋರಾಗಿ ನಕ್ಕರು.

"ಅವಳಿಗೆ ಗುಂಡಿ ಹಚ್ಚಾಕ ಬರಂಗಿಲ್ರಿ ಮೇಡಂ! ಮಷಿನ್ ಮುಂದ ಒಂದಿನ ಕುಂತಾಕಿ ಅಲ್ಲ. ಆ ಬಟ್ಟೆ ಎಲ್ಲ ನಾನ ಹೊಲಿದಿದ್ದು. ರಂಜಾನ್ ಸೀಜನ್, ಗಿರಾಕಿ ಮೈಮ್ಯಾಲೆ ಬೀಳ್ತಿದ್ರು. ಏನ್ ಮಾಡ್ಲಿ, ಮಗಳ ಮಾರ್ಕ್ಸ್ ಹೋಗಬಾರ್ದಲ್ರಿ."

ನನ್ನ ಕೈಯಲ್ಲಿದ್ದ ಚಹಾ ಹಾಗೇ ಉಳಿಯಿತು. ತಂದೆಯ ಕೆಲಸಕ್ಕೆ ಮಗಳ ಹೆಸರು ಹಾಕಿದ್ದೆ, ಮಗಳ ಕೆಲಸಕ್ಕೆ ಇನ್ನೊಬ್ಬನ ಹೆಸರು ಹಾಕಿದ್ದೆ. ಕಸುಬು ರಕ್ತದಲ್ಲಿ ಬರುತ್ತದೆ ಎಂಬ ಮಾತನ್ನು ತರಗತಿಯಲ್ಲಿ ಗಂಟೆಗಟ್ಟಲೆ ಖಂಡಿಸಿದವಳು, ಪೆನ್ನು ಹಿಡಿದಾಗ ಅಪ್ಪನ ಕಸುಬು ನೋಡಿಯೇ ಮಕ್ಕಳಿಗೆ ಕೆಲಸ ಹಂಚಿದ್ದೆ. ಅರ್ಜಿಯ ವಿಷಯ ಕೇಳಿದೆ. ಟೈಟಲ್‌ನಲ್ಲಿ ಹೆಸರಿಲ್ಲವೆಂದು ಮೊದಲ ಸುತ್ತಿನಲ್ಲೇ ವಾಪಸ್ ಬಂತು ಎಂದರು. ಮರುವರ್ಷ ಅವಳೇ ಹಾಕಲಿಲ್ಲವಂತೆ.

ಅಷ್ಟರಲ್ಲಿ ರುಕ್ಸಾನಾ ಶಾಲೆಯ ಕೆಲಸ ಮುಗಿಸಿ ಬಂದಳು. ನನ್ನನ್ನು ಕಂಡು ಖುಷಿಯಿಂದಲೇ ಮಾತಾಡಿಸಿದಳು, ಅದು ನನಗೆ ಇನ್ನೂ ಕಷ್ಟವಾಯಿತು. "ಈಗ ಸರಿಯಾದ ಪತ್ರ ಬರೆದು ಕೊಡ್ತೀನವ್ವಾ, ಪೂರ್ತಿ ಸೌಂಡ್ ನಿಂದೇ ಅಂತ" ಎಂದೆ.

"ಪತ್ರದಾಗ ಬರಿಬೋದ್ರಿ ಮೇಡಂ. ಪಿಚ್ಚರ್ ಹಾಕಿದ ಕೂಡ್ಲೆ ಕೊಟ್ರೇಶನ ಹೆಸರು ಬರ್ತೈತಲ್ರಿ. ಆವಾಗ ಸುಳ್ಳು ಹೇಳಿದಾಕಿ ನಾನಾಗ್ತೀನಿ."

ಮರುದಿನ ಸರಸ್ವತಿ ನಗರದ ನನ್ನ ಮನೆಯಿಂದ ನೇರ ಕಾಲೇಜಿಗೆ ಹೋದೆ. ಕೊಟ್ರೇಶನನ್ನು ಕರೆಸಿದೆ, ಅಂಗಡಿ ಬಿಟ್ಟು ಓಡಿ ಬಂದ. ಹಳೆಯ ಫೈಲು ತೆರೆದು ಎರಡು ಸಾಲು ಬದಲಿಸಿದೆವು. ಶಬ್ದಗ್ರಹಣ: ರುಕ್ಸಾನಾ. ವಸ್ತ್ರವಿನ್ಯಾಸ: ದಾದಾಪೀರ್. ವಿಶ್ವವಿದ್ಯಾಲಯಕ್ಕೆ ಪತ್ರವನ್ನೂ ಬರೆದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ ಎಂದು ಗೊತ್ತಿತ್ತು. ಎರಡು ವರ್ಷದ ಗಡುವು ಆ ಜೂನ್‌ಗೆ ಮುಗಿದಿತ್ತು.

ನಿವೃತ್ತಿಯ ತನಕ ಉಳಿದ ಒಂದು ವರ್ಷದಲ್ಲಿ ನಾನು ಆ ಹಾಳೆ ಹಂಚಲಿಲ್ಲ. ಪ್ರತಿ ಹುಡುಗ, ಹುಡುಗಿಗೂ ಒಂದೊಂದು ದಿನ ಒಂದೊಂದು ಕೆಲಸ ಕೊಟ್ಟು ನೋಡಿದೆ. ಸಲಕರಣೆ ಯಾರ ಮನೆಯದಾದರೂ ಆಗಲಿ, ಕೈ ಯಾರದು ಎಂದು ನೋಡಿದೆ. ಪಟ್ಟಿಯನ್ನು ಚಿತ್ರೀಕರಣ ಮುಗಿದ ಮೇಲೆ ಬರೆದೆ. ಕೆಲಸ ಹಂಚುವವರು ಪಟ್ಟಿಗಿಂತ ಮೊದಲು ಮನುಷ್ಯರನ್ನು ಓದಬೇಕು, ತಪ್ಪು ಓದಿದ್ದರೆ ಅವತ್ತೇ ತಿದ್ದಬೇಕು. ಮೂವತ್ತು ವರ್ಷ ಪಾಠ ಹೇಳಿದ ನಾನು ಕಲಿತದ್ದು ಇಷ್ಟು.

ಚಿತ್ರವನ್ನು ತಿದ್ದಿದ ದಿನವೇ ರುಕ್ಸಾನಾಳಿಗೆ ಕಳಿಸಿದ್ದೆ. ಸ್ವಲ್ಪ ಹೊತ್ತಿಗೆ ಅವಳ ಫೋನ್ ಬಂತು.

"ನೋಡಿದೆ ಮೇಡಂ. ನಮ್ಮ ಅಬ್ಬಾ ತಮ್ಮ ಹೆಸರು ನೋಡಿ ಮತ್ತ ಮತ್ತ ಹಚ್ಚು ಅಂತಾರ" ಎಂದು ನಕ್ಕಳು. ಆಮೇಲೆ ಕೇಳಿದಳು. "ಇದನ್ನ ಬದಲಿ ಮಾಡಾಕ ಎಷ್ಟೊತ್ತು ಹಿಡೀತ್ರಿ?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ನಲವತ್ತು ನಿಮಿಷ" ಎಂದೆ.

"ಹೂಂನ್ರಿ" ಎಂದಳು.