ಕುಬಸದ ಸೀರಿಯ ಸೆರಗು

ಮೊದಲ ಹೆರಿಗಿ ತವರಮನ್ಯಾಗ ಆಗಬೇಕು. ಅದಕ್ಕ ಕುಬಸ, ಅಂದ್ರ ಸೀಮಂತ ಮಾಡಿ, ಬಸರ ಹೆಂಗಸಿಗೆ ತವರಿನ ಹಸರು ಸೀರಿ ಉಡಿಸಿ ಕರ್ಕೊಂಡು ಬರೋದು ನಮ್ಮ ಕಡಿ ಪದ್ಧತಿ. ಅವ್ವ ಇಲ್ಲ, ಹಿಂಗಾಗಿ ನನ್ನ ತಂಗಿ ಕುಬಸ ನನ್ನ ಹೊಣಿ. ಆಕಿ ಅತ್ತಿ ಕುಷ್ಟಗಿಯಿಂದ ಫೋನ್ ಮಾಡಿ ಹೇಳಿದ್ರು, "ಸೆರಗು ಖರೇ ರೇಶ್ಮಿ ಇರಬೇಕು. ಇಲ್ಲಂದ್ರ ಸೊಸಿನ್ನ ಕಳಸಂಗಿಲ್ಲ." ನೇಕಾರರ ಮನಿಗೆ ಇಂಥಾ ಮಾತು. ಮೈಯೆಲ್ಲ ಉರೀತು ನನಗ.

ತಾವರಗೇರಾದಾಗ ಕೈಮಗ್ಗದ ಮುಂದ ಕುಂತು ಬೆಳದಾಕಿ ನಾನು. ಹತ್ತಿ ಒಡಲಿಗೆ ರೇಶ್ಮಿ ಸೆರಗಿನ ಎಳಿ ಒಂದೊಂದ ಕೊಂಡಿ ಹಾಕಿ ಜೋಡಿಸಿ ನೇಯತೀವಿ. ಅಂಗಡಿಯಿಂದ ತಂದ ಕೆಂಪು ನೂಲು ಬೆರಳಾಗ ತಿಕ್ಕಿ ನೋಡಿದೆ. ಮೆತ್ತಗ, ತಣ್ಣಗ, ಛಲೋ ಹೊಳಪು. ರೇಶ್ಮಿನ ಅಂದೆ. ಸುಟ್ಟು ನೋಡಲಿಲ್ಲ. ಶುಭದ ಸೀರಿ ನೂಲಿಗೆ ಬೆಂಕಿ ತೋರಸಬಾರದು ಅಂತ ಅವ್ವ ಹೇಳತಿದ್ಲು.

ಕುಬಸದ ದಿನ ಕುಷ್ಟಗ್ಯಾಗ ಬೀಗ್ತಿ ತಮ್ಮ ಮದವಿ ರೇಶ್ಮಿ ಸೀರಿನ ಉಟ್ಟು ನಿಂತಿದ್ರು. ತಂಗಿ ಮಣಿ ಮ್ಯಾಲೆ ಕುಂತಿದ್ಲು. ನಾ ನೇಯ್ದು ತಂದ ಸೀರಿ ಮಡಿಕಿ ಬಿಚ್ಚಿದ ಕೂಡಲೆ ಅವರು ಸೆರಗಿನ ಕುಚ್ಚಿನ್ಯಾಗಿಂದ ಒಂದ ಎಳಿ ಕಿತ್ತು ಕಡ್ಡಿ ಗೀರಿದ್ರು.

"ಇಂಥಾ ಹೊತ್ತಿನ್ಯಾಗ ಬ್ಯಾಡ್ರಿ" ಅಂದೆ. ಎಲ್ಲಿ ಕೇಳ್ತಾರ.

ರೇಶ್ಮಿ ಸುಟ್ರ ಕೂದಲ ಸುಟ್ಟ ವಾಸನಿ ಬರತೈತಿ, ತಿಕ್ಕಿದ್ರ ಪುಡಿ ಆಕ್ಕೈತಿ. ಇದು ಕರಗಿ ಗಟ್ಟಿ ಉಂಡಿ ಆತು. ಪಾಲಿಸ್ಟರ್. ಈಗಿನ ಮಿಷನ್ನು ಕುಡದು ಬಿಸಾಡಿದ ನೀರಿನ ಬಾಟ್ಲಿ ಕರಗಿಸಿನೂ ಇಂಥಾ ಎಳಿ ತಗೀತಾವಂತ. ನನ್ನ ಬೆರಳ ನನಗ ಮೋಸ ಮಾಡಿದ್ವು.

ಬೀಗ್ತಿ ಆ ಉಂಡಿ ಅಂಗೈಯಾಗ ಇಟ್ಕೊಂಡು ಎಲ್ಲಾರಿಗೂ ತೋರಿಸಿದ್ರು. "ನೋಡ್ರಿ ತವರಿನ ಉಡುಗೊರಿ. ಹೆರಿಗಿ ಇಲ್ಲೇ ಆಗ್ಲಿ, ನೀವು ನಡೀರಿ."

ತಂಗಿ ನನ್ನ ಕೈ ಹಿಡದ್ಲು. ನನಗ ಪಿತ್ತ ನೆತ್ತಿಗೇರ್ತು.

"ಹಂಗಾದ್ರ ನಿಮ್ಮ ಸೀರಿದೂ ಒಂದ ಎಳಿ ಕೊಡ್ರಿ. ಎಲ್ಲಾರ ಮುಂದ ಆಗ್ಲಿ."

"ನಮ್ಮವ್ವ ಕೊಟ್ಟಿದ್ದಿದು. ತಗೋ, ಸುಡು" ಅಂತ ತಾವ ಎಳಿ ಕಿತ್ತು ಕೊಟ್ರು.

ಭಗ್ ಅಂತ ಹತ್ತಿತು. ಕಾಗದ ಸುಟ್ಟ ವಾಸನಿ. ಹಿಂದಕ ಕಟ್ಟಿಗಿ ತಿರುಳಿನಿಂದ ಮಾಡತಿದ್ದ ನಕಲಿ ರೇಶ್ಮಿ ಅದು. ನಾ ಬಾಯಿ ಬಿಡೂದಕ್ಕಿಂತ ಮೊದಲ ಅವರಿಗೆ ತಿಳೀತು.

"ನಮ್ಮವ್ವಗ ಗೊತ್ತಿತ್ತೇನವಾ?" ಅಂತ ನನ್ನ ಕೇಳಿದ್ರು, ಸಣ್ಣ ದನಿಲೆ.

ಗೆದ್ದೆ ಅನ್ನಿಸಲಿಲ್ಲ. "ಇಲ್ಲರಿ. ಮದವಿ ಸೀರಿಗೆ ಯಾರು ಬೆಂಕಿ ತೋರಸ್ತಾರ? ಬೆರಳಿಲೆ ತಿಕ್ಕಿ ನೋಡಿ ತಂದಿರಬೇಕು, ನನ್ನಂಗ."

ಅವರು ನಾ ತಂದ ಸೀರಿ ತಗೊಂಡು ತಂಗಿಗೆ ತಾವ ಉಡಿಸಿದ್ರು. ಎಳಿ ಕಿತ್ತ ಕುಚ್ಚು ಕಾಣದಂಗ ಸೆರಗು ಒಳಗ ಮಡಚಿ, ಉಡಿ ತುಂಬಿ, "ಬಿಸಲು ಏರೂದ್ರಾಗ ಕರ್ಕೊಂಡು ಹೋಗ್ರಿ" ಅಂದ್ರು.

ಗಾಡಿ ತನಕ ಕಳಸಾಕ ಬಂದ್ರು. ತಮ್ಮವ್ವ ಕೊಟ್ಟ ಸೀರಿ ಬದಲಿ ಮಾಡಿರಲಿಲ್ಲ.