ಗ್ಯಾರೇಜ್ ಅಕ್ಕ ಬಿಚ್ಚಿದ ಟ್ಯಾಂಕು

ಮೊನ್ನೆ ಹುಣಸೂರಿನ ಸ್ಪೇರ್ ಪಾರ್ಟ್ಸ್ ಅಂಗಡಿಯವನು ಕೌಂಟರಿನ ಮೇಲೆ ಜೀಪಿನ ಟ್ಯಾಂಕಿನ ಮುಚ್ಚಳದಡಿ ಹಾಕುವ ಒಂದು ಕಾರ್ಕ್ ಪ್ಯಾಕಿಂಗ್ ಇಟ್ಟ. ಅವನ ಕೈಯಿಂದ ಪೆಟ್ರೋಲಿನ ವಾಸನೆ ಬಂತು. ಗ್ಯಾರೇಜ್ ಅಕ್ಕ ನೆನಪಾದರು...

ಪಿರಿಯಾಪಟ್ಟಣದ ರಸ್ತೆ ಬದಿಯಲ್ಲಿ ಅವರದು ಶೀಟು ಹೊದಿಸಿದ ಗ್ಯಾರೇಜು. ಗಂಡನ ಜೊತೆ ವರ್ಷಗಟ್ಟಲೆ ದುಡಿದು ಕೆಲಸ ಕಲಿತವರು. ಗಂಡ ತೀರಿಕೊಂಡ ಮೇಲೆ ಗ್ಯಾರೇಜನ್ನು ಬೇರೆಯವರಿಗೆ ಬಿಟ್ಟುಕೊಡಬೇಕೆಂದು ಮೈದುನ ಹಟ ಹಿಡಿದ. ಅಕ್ಕ ಬೀಗದಕೈ ಕೊಡಲಿಲ್ಲ. ಸೀರೆಯ ಮೇಲೆ ಗಂಡನ ಖಾಕಿ ಅಂಗಿ ತೊಟ್ಟು, ಎಂಟು ಗಂಟೆಗೆಲ್ಲ ಬಾಗಿಲು ತೆರೆಯುತ್ತಿದ್ದರು.

ನಮ್ಮದು ರಾವಂದೂರಿನ ಬಳಿ ಹೊಗೆಸೊಪ್ಪಿನ ಹೊಲ. ಅಪ್ಪನ ಕಾಲದ ಪೆಟ್ರೋಲ್ ಜೀಪನ್ನು ಮಗಳು ನಾನೇ ಓಡಿಸುತ್ತಿದ್ದೆ. ಒಂದು ಮಧ್ಯಾಹ್ನ ಅವ್ವನಿಗೆ ಎದೆನೋವು ಬಂತೆಂದು ಆಸ್ಪತ್ರೆಗೆ ಹೊರಟೆ. ಪೆಟ್ರೋಲ್ ಮೀಟರಿನ ಮುಳ್ಳು ಅರ್ಧ ಟ್ಯಾಂಕ್ ತೋರಿಸುತ್ತಿತ್ತು. ಜೀಪು ನಡುದಾರಿಯಲ್ಲಿ ನಿಂತುಬಿಟ್ಟಿತು. ನೋಡಿದರೆ ಟ್ಯಾಂಕಿನಲ್ಲಿ ಹನಿಯೂ ಇಲ್ಲ! ಹಾಲಿನ ವ್ಯಾನಿನವರು ಹತ್ತಿಸಿಕೊಂಡಿದ್ದರಿಂದ ಅವ್ವ ಉಳಿದಳು.

ಆಮೇಲೆ ಜೀಪನ್ನು ಎರಡು ಗ್ಯಾರೇಜುಗಳಲ್ಲಿ ತೋರಿಸಿದೆ. ಪೆಟ್ರೋಲ್ ಟ್ಯಾಂಕ್ ಬಿಚ್ಚುವುದಿಲ್ಲ, ಜೀಪನ್ನು ಗುಜರಿಗೆ ಹಾಕಿ ಎಂದರು. ಅಕ್ಕ ಮಾತ್ರ, "ತಕ್ಕೊಂಬಾ, ನೋಡವ" ಎಂದರು.

ಡ್ರೈವರ್ ಸೀಟು ಎತ್ತಿದರೆ ಕೆಳಗೇ ಟ್ಯಾಂಕು. ಬ್ಯಾಟರಿ ವೈರು ಕಳಚಿ, ಜೀಪು ನಿಂತ ಮೇಲೆ ನಾನು ಹಾಕಿಸಿದ್ದ ಪೆಟ್ರೋಲನ್ನು ಪೈಪಿನಲ್ಲಿ ಕ್ಯಾನಿಗೆ ಇಳಿಸಿದರು. ಟ್ಯಾಂಕಿನ ಮೇಲೆ ಸ್ಕ್ರೂ ಹಾಕಿದ್ದ ಸಣ್ಣ ಮುಚ್ಚಳದ ಸುತ್ತಲಿನ ಮಣ್ಣನ್ನು ಬಟ್ಟೆಯಿಂದ ಒರೆಸಿದರು. ಐದು ಸ್ಕ್ರೂಗಳಲ್ಲಿ ನಾಲ್ಕು ಬಂದವು. ಐದನೆಯದು ತುಕ್ಕು ಹಿಡಿದಿತ್ತು. ಅದಕ್ಕೆ ಎಣ್ಣೆ ಬಿಟ್ಟು ಕಾಯುತ್ತ ಕೂತಾಗ ಮೈದುನ ಬಂದ. ಬಾಯಲ್ಲಿ ಉರಿಯುವ ಬೀಡಿ.

"ಅತ್ಗೆ, ಇದು ಗಂಡಸ್ರ ಕೆಲ್ಸ ಕಣ್ರೀ. ಏನಾರಾ ಆದ್ರೆ ನಮ್ ಮನೆ ಮರ್ವಾದೆ ಓಯ್ತದೆ."

ಅಕ್ಕ ಎದ್ದು ಬಾಗಿಲಿಗೆ ಅಡ್ಡ ನಿಂತರು.

"ಮೊದ್ಲು ಆ ಬೀಡಿ ಆಚೆ ಎಸಿ. ಈ ಟ್ಯಾಂಕ್‌ಗೆ ನನ್ನಿಂದ ಏನೂ ಆಗಾಕಿಲ್ಲ. ಏನಾರಾ ಆದ್ರೆ ನಿನ್ ಬೀಡಿಯಿಂದ್ಲೇ ಆಗ್ಬೇಕು. ನಡಿ!"

ರಸ್ತೆಯಲ್ಲಿ ನಿಂತು ನೋಡುತ್ತಿದ್ದವರು ನಕ್ಕರು. ಅವನು ಬೀಡಿಯನ್ನು ಚರಂಡಿಗೆ ಎಸೆದು ಹೊರಟುಹೋದ.

ಕಿಡಿ ಹಾರಬಾರದೆಂದು ಅಕ್ಕ ಹಿತ್ತಾಳೆಯ ಸಣ್ಣ ಸರಳಿನಿಂದ ಮೆಲ್ಲಗೆ ತಟ್ಟಿದರು. ಸ್ಕ್ರೂ ಸಡಿಲಿತು. ಮುಚ್ಚಳಕ್ಕೆ ಅಂಟಿಕೊಂಡಿದ್ದ ಕಡ್ಡಿಯನ್ನೂ ಅದರ ತುದಿಯಲ್ಲಿ ತೇಲುವ ಫ್ಲೋಟನ್ನೂ ಓರೆ ಮಾಡಿ, ಬಾಗದಂತೆ ಹೊರಗೆಳೆದರು. ಪೆಟ್ರೋಲಿನ ಜೊತೆ ಏರಿಳಿದು ಮುಳ್ಳನ್ನು ಆಡಿಸಬೇಕಾದ ಆ ಕಡ್ಡಿ ತುಕ್ಕಿನಿಂದ ಅರ್ಧಕ್ಕೇ ಕಚ್ಚಿಕೊಂಡಿತ್ತು.

"ನೋಡು, ನಿಮ್ಮವ್ವನ್ನ ಕೊಲ್ಲಾಕೆ ಓಗಿದ್ದು ಇದೇ ಕಣವ್ವ" ಎಂದು ನನ್ನ ಕೈಗಿಟ್ಟರು. ನಾನು ಕಡ್ಡಿಯನ್ನು ಮೇಲೆ ಕೆಳಗೆ ಆಡಿಸಲು ನೋಡಿದೆ, ಅಲುಗಲಿಲ್ಲ. ಅವರೇ ಅದನ್ನು ತಿಕ್ಕಿ, ಸಲೀಸಾಗಿ ಆಡುವವರೆಗೂ ಬಿಡಲಿಲ್ಲ. ಮತ್ತೆ ಕೂರಿಸುವಾಗ ಸ್ಕ್ರೂಡ್ರೈವರನ್ನು ನನಗೇ ಕೊಟ್ಟರು. "ಕಲ್ತ್ಕೊ. ಯಾರ್ ಮುಂದೂ ನಿಂತ್ಕಂಡು ಬೇಡ್ಬಾರ್ದು."

ಅಕ್ಕ ಹೋಗಿ ಎರಡು ವರ್ಷವಾಯಿತು. ಕಾಯಿಲೆ ಬಿದ್ದಾಗಲೂ ಬೀಗದಕೈ ತಲೆದಿಂಬಿನ ಕೆಳಗಿತ್ತಂತೆ... ಈಗ ಅಲ್ಲಿ ಯಾರದೋ ಟೈರ್ ಅಂಗಡಿ. ಆ ಕಡೆ ಹೋದಾಗ ನಾನು ಮುಖ ತಿರುಗಿಸಿಕೊಳ್ಳುತ್ತೇನೆ.

ಈ ವಾರ ಜೀಪಿನ ಮುಳ್ಳು ಮತ್ತೆ ಕೆಟ್ಟಿತು. ಮನೆಯವರು, "ನೀನ್ಯಾಕೆ ಕೈ ಹಾಕ್ತೀಯಾ? ಮಾರ್ಬುಡವ" ಎಂದರು. ನಾನು ಸೆರಗು ಸಿಕ್ಕಿಸಿಕೊಂಡು ಅಂಗಳಕ್ಕಿಳಿದೆ. ಮಾಡಿದ್ದು ಸರಿಯೇ ಎಂದು ಕೇಳಲು ಅಕ್ಕ ಇಲ್ಲ. ಐದು ಸ್ಕ್ರೂಗಳನ್ನೂ ನಾನೇ ಬಿಚ್ಚಿದೆ.